ಹುಡುಗ, ಹುಡುಗಿ ಇಬ್ಬರಿಗೂ ಒಂದೇ ಅಳತೆ: ಮನೆಯಲ್ಲೇ ಕೂತು ನಟನೆ ತೂಗುವುದು ಹೇಗೆ

ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ನಾಟಕ ಆಡಿಸಿದವಳು ನಾನು. ಈಗ ವರ್ಷಕ್ಕೆ ಆರು ತಿಂಗಳು ಲಾಸ್ ಏಂಜಲೀಸ್‌ನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದ ಮೇಲೆ ಇಬ್ಬರೂ ಚಹಾ ಹಿಡಿದುಕೊಂಡು 'ಜನರಲ್ ಹಾಸ್ಪಿಟಲ್' ನೋಡುತ್ತೇವೆ. 1963ರಲ್ಲಿ ಶುರುವಾದ ಧಾರಾವಾಹಿ ಅದು.

ಅಮೆರಿಕದ ಹಗಲು ಧಾರಾವಾಹಿಗಳಿಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಕೊಡುತ್ತಾರೆ. ಎಳೆಯ ಕಲಾವಿದರಿಗೆ 1985ರಿಂದ ಎರಡು ಬಹುಮಾನ ಇದ್ದವು: ಯುವ ನಟನಿಗೊಂದು, ಯುವ ನಟಿಗೊಂದು. 2020ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿದರು. ಮೊದಲು ಗೆದ್ದವಳು ಒಲಿವಿಯಾ ರೋಸ್ ಕೀಗನ್, 'ಡೇಸ್ ಆಫ್ ಅವರ್ ಲೈವ್ಸ್'ನ ಕ್ಲೇರ್. ಮರುವರ್ಷ ಅದೇ ಧಾರಾವಾಹಿಯ ಸಿಯಾರಾ, ಅಂದರೆ ವಿಕ್ಟೋರಿಯಾ ಕೊನೆಫಲ್. ಕಥೆಯಲ್ಲಿ ಸಿಯಾರಾ ಕ್ಲೇರ್‌ಗೆ ಸೋದರತ್ತೆ! 2022ರಲ್ಲಿ 'ಜನರಲ್ ಹಾಸ್ಪಿಟಲ್'ನ ಸ್ಪೆನ್ಸರ್ ಆಗಿ ನಿಕೋಲಸ್ ಚಾವೇಜ್, 2023ರಲ್ಲಿ ಅದೇ ಧಾರಾವಾಹಿಯ ಜಾಸ್‌ಲಿನ್ ಆಗಿ ಈಡನ್ ಮೆಕಾಯ್ ಗೆದ್ದರು.

ಹುಡುಗ, ಹುಡುಗಿ ಒಂದೇ ಸಾಲಿನಲ್ಲಿ ನಿಂತಾಗ ಯಾರು ಹೆಚ್ಚು ಅಂತ ಹೇಳುವುದು ಹೇಗೆ? ನಾವಿಬ್ಬರೂ ಮಾಡುವ ಕ್ರಮ ಹೇಳುತ್ತೇನೆ.

ಶುರುವಿಗೆ ಸ್ಪೆನ್ಸರ್ ಮತ್ತು ಜಾಸ್‌ಲಿನ್ ಜೋಡಿ ತೆಗೆದುಕೊಳ್ಳಿ. ಒಂದೇ ಧಾರಾವಾಹಿ ಆದ್ದರಿಂದ ಸೆಟ್, ಬರವಣಿಗೆ ಎಲ್ಲ ಹೆಚ್ಚುಕಡಿಮೆ ಸಮ. ಒಬ್ಬೊಬ್ಬರದು ಮೂರು ದೃಶ್ಯ ಆರಿಸಿ. ಎಮ್ಮಿಗೂ ಕಲಾವಿದರು ಇಡೀ ವರ್ಷದ ಕೆಲಸದಿಂದ ಆಯ್ದ ದೃಶ್ಯಗಳನ್ನೇ ಕಳಿಸುವುದು. ಮೂರರಲ್ಲಿ ಒಂದಾದರೂ ಸಾಧಾರಣ ದೃಶ್ಯ ಇರಲಿ. ಕಾಫಿ ಕುಡಿಯುತ್ತಾ ಮಾತಾಡುವಂಥದ್ದು ಸಾಕು. ಸಾವು, ಅಪಘಾತದ ದೃಶ್ಯದಲ್ಲಿ ಅರ್ಧ ಕೆಲಸ ಕಥೆಯೇ ಮಾಡಿಬಿಡುತ್ತದೆ, ಅಲ್ವಾ?

ಒಂದೊಂದು ದೃಶ್ಯವನ್ನೂ ಮೂರು ಸಲ ನೋಡಿ. ಮೊದಲ ಸಲ ಧ್ವನಿ ಬಂದ್ ಮಾಡಿ. ಹಿನ್ನೆಲೆ ಸಂಗೀತ ಹೋದ ಮೇಲೂ ಮುಖದಲ್ಲಿ ಏನು ಉಳಿಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ಮೂರನೇ ಸಲ ಎದುರಿನವರು ಮಾತಾಡುವಾಗ ಮಾತ್ರ ಇವರನ್ನು ನೋಡಿ. ಮುಖ್ಯ ಇದೇ. ತನ್ನ ಮಾತಿನ ಸರದಿಗೆ ಕಾಯುತ್ತಿದ್ದಾರೋ, ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಾರೋ? ಹತ್ತರಲ್ಲಿ ನಾಲ್ಕು ಅಂಕ ನಾವು ಇದಕ್ಕೇ ಇಟ್ಟಿದ್ದೇವೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಂದು ಸಲ ಶಾಲಾ ನಾಟಕ ಸ್ಪರ್ಧೆಗೆ ತೀರ್ಪುಗಾರಳಾಗಿದ್ದೆ. ಬಿಕ್ಕಿ ಬಿಕ್ಕಿ ಅತ್ತ ಹುಡುಗಿಗೆ ಒಂದು ಬಹುಮಾನ ಕೊಟ್ಟೆ, ಗುಡುಗಿದ ಹುಡುಗನಿಗೆ ಇನ್ನೊಂದು. ಅದೇ ನಾಟಕದಲ್ಲಿ ತಂಗಿಯ ಮಾತು ಕೇಳುತ್ತಾ ಸುಮ್ನೆ ಅಂಗಿಯ ಗುಂಡಿ ತಿರುಗಿಸುತ್ತಾ ನಿಂತಿದ್ದ ಇನ್ನೊಬ್ಬ ಹುಡುಗ ಇದ್ದ. ಅವನಿಗೆ ಏನೂ ಸಿಗಲಿಲ್ಲ. ಇವತ್ತು ಆ ನಾಟಕದಲ್ಲಿ ನನಗೆ ನೆನಪಿರುವುದು ಅವನ ಬೆರಳು ಮಾತ್ರ.

ಆಮೇಲೆ ಅದಲು ಬದಲು ಮಾಡಿ ನೋಡಿ. ಹುಡುಗಿ ಅತ್ತ ದೃಶ್ಯದಲ್ಲಿ ಹುಡುಗ ಅತ್ತಿದ್ದರೆ ನಿಮ್ಮ ಅಂಕ ಬದಲಾಗುತ್ತಿತ್ತೇ? ಹುಡುಗ ಅಪ್ಪನ ಮೇಲೆ ಕೂಗಾಡಿದ ದೃಶ್ಯವನ್ನು ಹುಡುಗಿ ಮಾಡಿದ್ದರೆ 'ಜಾಸ್ತಿ ಆಯ್ತು' ಅನ್ನುತ್ತಿದ್ದಿರಾ? ಅನುಮಾನ ಬಂದರೆ ಅಂಕ ಅಳಿಸಿ ಮತ್ತೆ ಹಾಕಿ. ಹುಡುಗ ಅತ್ತರೆ ಅರ್ಧ ಅಂಕ ಹೆಚ್ಚು ಕೊಡುವ ಅಭ್ಯಾಸ ನನಗಿತ್ತು. ಮೊಮ್ಮಗಳು ತೋರಿಸಿಕೊಟ್ಟಳು. ಕಣ್ಣೀರಿಗೆ ಅಂತ ಬೇರೆ ಅಂಕ ಇಡಲೇಬೇಡಿ, ಗ್ಲಿಸರಿನ್ ಹಾಕಿದರೂ ನೀರು ಬರುತ್ತದೆ.

ಮಾತು ಸ್ವಲ್ಪ ತಡವರಿಸಿದರೆ ಅಂಕ ಕಳೆಯಬೇಡಿ. ಇವರು ದಿನಕ್ಕೆ ಹತ್ತಾರು ಪುಟ ಬಾಯಿಪಾಠ ಮಾಡಿ ಬರುತ್ತಾರೆ, ತಾಲೀಮಿಗೆ ಸಮಯವೇ ಇರುವುದಿಲ್ಲ. ಎಷ್ಟೋ ಸಲ ಒಂದೇ ಟೇಕಿನಲ್ಲಿ ಮುಗಿಸುತ್ತಾರೆ. ಇಪ್ಪತ್ತು ದಾಟಿದೆಯೋ ಇಲ್ಲವೋ ಅನ್ನುವ ಮಕ್ಕಳು ಅಷ್ಟರಲ್ಲೇ ಒಂದು ಪಾತ್ರವನ್ನು ವರ್ಷಗಟ್ಟಲೆ ಹೊರುತ್ತಾರೆ. ಅದಕ್ಕೆ ನನಗೆ ತುಂಬಾ ಗೌರವ.

ಕೊನೆಗೆ ಒಂದು ಮಾತು. ಅಂಕ ಬರೆದು ಚೀಟಿ ಮಡಚುವ ತನಕ ಒಬ್ಬರಿಗೊಬ್ಬರು ಏನೂ ಹೇಳಬಾರದು. ದೊಡ್ಡವರು ಮೊದಲು ಬಾಯಿಬಿಟ್ಟರೆ ಚಿಕ್ಕವರು ಸಂಕೋಚಕ್ಕೆ ಹೂಂ ಅಂದುಬಿಡುತ್ತಾರೆ. ಅದಕ್ಕೇ ನಮ್ಮ ಮನೆಯಲ್ಲಿ ಚೀಟಿ ಬಿಚ್ಚಿದ ಮೇಲೆ ಮೊದಲ ಮಾತು ಮೊಮ್ಮಗಳದು.