ಗಬಗಬ ತಿನ್ನುವ ನಾಯಿಗೆ ರಬ್ಬರ್ ಬುಗುರಿ ತುಂಬುವುದು ಹೇಗೆ

ಮೊನ್ನೆ ಮೂರನೇ ಮಹಡಿಯ ಹುಡುಗಿ ಬಂದಳು. "ಆಂಟಿ, ಅಷ್ಟು ದುಡ್ಡು ಕೊಟ್ಟು ತಂದ ಆಟಿಕೆ, ನಮ್ಮ ನಾಯಿ ಮೂಸಿಯೂ ನೋಡ್ತಿಲ್ಲ" ಅಂದಳು. ಹೋಗಿ ನೋಡಿದೆ. ಊಟ ತುಂಬಿಡುವ ಆ ಟೊಳ್ಳು ರಬ್ಬರ್ ಆಟಿಕೆಯೊಳಗೆ ಅನ್ನ ಜಡಿದು, ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಿದ್ದಾಳೆ. ನಾಯಿಗೆ ಅದು ಮೊದಲನೇ ದಿನ. ಪಾಪ, ಎರಡು ಸಲ ನೆಕ್ಕಿದೆ, ಒಂದು ಸಲ ಬೊಗಳಿದೆ, ಹೋಗಿ ಸೋಫಾ ಕೆಳಗೆ ಮಲಗಿದೆ. ಎದುರು ಮನೆಯವರದ್ದು ಇನ್ನೊಂದು ಥರ. ಬಟ್ಟಲು ತುಂಬ ಊಟ ಹಾಕಿ, ಅದು ಮುಗಿದ ಮೇಲೆ ಆಟಿಕೆ ತುಂಬ ಬಿಸ್ಕತ್ತು ಕೊಡುತ್ತಾರೆ. ಅವರ ಲ್ಯಾಬ್ರಡಾರ್ ಈಗ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಏದುಸಿರು ಬಿಡುತ್ತದೆ. ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾಯಿಯನ್ನು ನಿಧಾನವಾಗಿ ತಿನ್ನಿಸುವುದು ಹೊಸ ವಿದ್ಯೆಯೇನಲ್ಲ. ನಾನು ಮದುವೆಯಾಗಿ ಅರಸೀಕೆರೆ ಕಡೆಯ ಹಳ್ಳಿಗೆ ಹೋದಾಗ ಅಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಮುದ್ದೆ ಹಾಕಿದರೆ ಒಂದೇ ಗುಕ್ಕಿಗೆ ನುಂಗುತ್ತಿತ್ತು. ಎರಡು ನಿಮಿಷಕ್ಕೆ ಅಂಗಳದ ಮೂಲೆಗೆ ಹೋಗಿ ಅಷ್ಟನ್ನೂ ಕಕ್ಕುತ್ತಿತ್ತು. ನಮ್ಮತ್ತೆ ಒಂದು ದಿನ ಒಡೆದ ಒರಳಿನ ಗುಂಡುಕಲ್ಲನ್ನು ತೊಳೆದು, ಕರಿಯನ ಕಲ್ಲಿನ ಬಾನಿಯ ನಡುವೆ ಇಟ್ಟರು. ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕಲ್ಲಿನ ಸುತ್ತ ಸುರಿದರು. ಕರಿಯ ಒಂದು ಕಡೆ ಮೂತಿ ತೂರಿಸಿದರೆ ಕಲ್ಲು ಅಡ್ಡ. ಇನ್ನೊಂದು ಕಡೆಯಿಂದ ಬರಬೇಕು. ಬಾನಿಯನ್ನು ಸುತ್ತಿ ಸುತ್ತಿ ನೆಕ್ಕಿ ತಿಂದ. ಆವತ್ತಿನಿಂದ ಕಕ್ಕುವುದು ನಿಂತಿತು. ಈಗ ಒಳಗೆ ಗುಬುಟು ಗುಬುಟಾಗಿರುವ ಪ್ಲಾಸ್ಟಿಕ್ ಬಟ್ಟಲು ಮಾರುತ್ತಾರಲ್ಲ, ಅದು ನಮ್ಮತ್ತೆಯ ಗುಂಡುಕಲ್ಲೇ. ನೀವೂ ಕಲ್ಲು ಇಡಬಹುದು. ಆದರೆ ನಾಯಿಯ ಬಾಯಿಗೆ ಹಿಡಿಯದಷ್ಟು ದೊಡ್ಡದಿರಲಿ. ಗೋಲಿ ಗಾತ್ರದ್ದಿಟ್ಟು ಆಮೇಲೆ ಡಾಕ್ಟರ ಹತ್ತಿರ ಓಡಬೇಡಿ.

ನಾಯಿ ಅಗಿದು ತಿನ್ನುವ ಪ್ರಾಣಿಯಲ್ಲ. ಅದರ ಹಲ್ಲು ಇರುವುದೇ ಹರಿಯುವುದಕ್ಕೆ, ತುಂಡು ಮಾಡಿ ನುಂಗುವುದಕ್ಕೆ. ಹಾಗಾಗಿ ಗಬಗಬ ತಿನ್ನುವುದು ಅದರ ಹುಟ್ಟುಗುಣ. ಲ್ಯಾಬ್ರಡಾರ್ ಸಾಕಿದವರು ಇನ್ನೊಂದು ವಿಷಯ ತಿಳಿದಿರಬೇಕು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಹಿಡಿದರು: ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ, ಹೊಟ್ಟೆ ತುಂಬಿತು ಅಂತ ತಿಳಿಸುವ ಜೀನಿನಲ್ಲೇ ಒಂದು ಚೂರು ಇರುವುದಿಲ್ಲ. ಅದಕ್ಕೆ ಎಷ್ಟು ತಿಂದರೂ ಹಸಿವೇ. ಅದರ ಕಣ್ಣು ನೋಡಿ ಕರಗಿ ಮತ್ತೆ ಮತ್ತೆ ಹಾಕಿದರೆ ತಪ್ಪು ನಾಯಿಯದ್ದಲ್ಲ, ನಿಮ್ಮದು.

ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ಎದೆ ಆಳವಿರುವ ದೊಡ್ಡ ನಾಯಿಗಳಿಗೆ ಆತುರದ ಊಟ ಇನ್ನೂ ಅಪಾಯ. ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡು, ಜಠರವೇ ತಿರುಚಿಕೊಳ್ಳುವುದುಂಟು. ಹೊಟ್ಟೆ ತಮಟೆಯ ಹಾಗೆ ಉಬ್ಬಿ, ವಾಂತಿಗೆ ಒತ್ತರಿಸಿದರೂ ಏನೂ ಬಾರದೆ, ಜೊಲ್ಲು ಸುರಿಸುತ್ತಾ ಚಡಪಡಿಸಿದರೆ, ಜೀರಿಗೆ ಕಷಾಯ, ಇಂಗಿನ ನೀರು ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ ಪಶುವೈದ್ಯರ ಹತ್ತಿರ ಹೋಗಿ. ಗಂಟೆಗಳಲ್ಲೇ ಜೀವ ಹೋಗುತ್ತದೆ.

ಈಗ ಆಟಿಕೆಗೆ ಬರೋಣ. ಕಾಂಗ್ ಅಂತ ಹೆಸರಿನದ್ದು ನೀವು ನೋಡಿರುತ್ತೀರಿ. ಮೂರು ಉಂಡೆ ಒಂದರ ಮೇಲೊಂದು ಕೂರಿಸಿದ ಹಾಗೆ, ಬಾಯಿ ಮೇಲೆ ಮಾಡಿ ಹಿಡಿದರೆ ಕೆಳಕ್ಕೆ ಹೋಗುತ್ತಾ ಸಣ್ಣದಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬುಗುರಿ ಅಂತಲೇ ಕರೆಯುವುದು. ಅದನ್ನು ಮಾಡಿದ ಜೋ ಮಾರ್ಕಮ್ ಅಮೆರಿಕದ ಕೊಲೊರಾಡೋದವನು. 1970ರ ದಶಕದ ಮಾತು. ಅವನ ನಾಯಿ ಫ್ರಿಟ್ಜ್ ಕಲ್ಲು ಕಡಿದು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ಇವನು ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುವಾಗ ಬಿಸಾಡಿದ ರಬ್ಬರ್ ಭಾಗ ಅದಕ್ಕೆ ಸಿಕ್ಕಿ, ಕಲ್ಲು ಬಿಟ್ಟು ಅದನ್ನೇ ಹಿಡಿದುಕೊಂಡಿತಂತೆ. ಅಲ್ಲಿಂದ ಹುಟ್ಟಿದ ಆಕಾರ ಇದು.

ಯಾವ ಕಂಪನಿಯದ್ದಾದರೂ ಸರಿ, ಕೊಳ್ಳುವಾಗ ಎರಡು ತೂತು ಇದೆಯೇ ನೋಡಿ. ಮೇಲೊಂದು ದೊಡ್ಡದು, ಕೆಳಗೊಂದು ಚಿಕ್ಕದು. ಒಂದೇ ತೂತಿದ್ದರೆ ನಾಯಿ ನೆಕ್ಕುವಾಗ ಒಳಗಿನ ಗಾಳಿ ಎಳೆದುಕೊಂಡು ನಾಲಿಗೆ ಸಿಕ್ಕಿಹಾಕಿಕೊಳ್ಳಬಹುದು. ಉಗುರಿನಿಂದ ಒತ್ತಿ ನೋಡಿ, ಸ್ವಲ್ಪವಾದರೂ ತಗ್ಗಬೇಕು. ಕಲ್ಲಿನಂತಿದ್ದರೆ ಹಲ್ಲು ಮುರಿಯುತ್ತದೆ. ಇಡೀ ಆಟಿಕೆ ಬಾಯೊಳಗೆ ಹೋಗುವಷ್ಟು ಸಣ್ಣದು ಬೇಡವೇ ಬೇಡ. ನಾಯಿ ಬೆಳೆದರೂ ಮರಿಯಾಗಿದ್ದಾಗಿನದ್ದನ್ನೇ ಕೊಡುತ್ತಾ ಇರುತ್ತಾರೆ ಕೆಲವರು. ಕಾಲು ಬೆಳೆದರೆ ಚಪ್ಪಲಿ ಬದಲಾಯಿಸುವುದಿಲ್ಲವೇ?

ಮೊದಲ ವಾರ ಗಟ್ಟಿ ಮಾಡಬೇಡಿ. ಇದೇ ಎಲ್ಲರೂ ಮಾಡುವ ತಪ್ಪು. ಡಾಗ್ ಫುಡ್ ಕಾಳು ಒಂದು ಹಿಡಿ ಸುಮ್ನೆ ಒಳಗೆ ಹಾಕಿ, ನಾಯಿಯ ಮುಂದೆ ಉರುಳಿಸಿ. ಕಾಳು ಉದುರಬೇಕು, ಅದು ಓಡಿ ತಿನ್ನಬೇಕು. 'ಇದನ್ನು ತಟ್ಟಿದರೆ ಊಟ ಬರುತ್ತದೆ' ಅನ್ನುವುದು ಅದಕ್ಕೆ ಗೊತ್ತಾದ ಮೇಲೆ ಕಾಳನ್ನು ನೀರಲ್ಲಿ ನೆನೆಸಿ ಮೆತ್ತಗೆ ತುಂಬಿ. ಅದೂ ಸಲೀಸಾದ ಮೇಲೆ ಫ್ರೀಜರ್. ಒಂದನೇ ಕ್ಲಾಸಿನ ಮಗುವಿಗೆ ಮೊದಲ ದಿನವೇ ಭಾಗಾಕಾರ ಕೊಟ್ಟರೆ ಸ್ಲೇಟು ಬಿಸಾಡುತ್ತದೆ. ನಾಯಿಯೂ ಅಷ್ಟೇ.

ಇನ್ನು ನನ್ನ ವಿಧಾನ. ಇದರಲ್ಲಿ ಒಂದು ಹೆಜ್ಜೆಯನ್ನೂ ಬಿಡುವ ಹಾಗಿಲ್ಲ.

ಹಿಂದಿನ ರಾತ್ರಿಯೇ ಶುರು ಮಾಡಬೇಕು. ಉಪ್ಪಿಲ್ಲದ ಅನ್ನವನ್ನು ಬಿಸಿ ಇರುವಾಗಲೇ ಕೈಯಲ್ಲಿ ಕಿವುಚಿ, ಆರಲು ಬಿಡಿ. ಹುಳಿಯಾಗದ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿ, ನೀರು ಬಸಿಯಲಿ. ಬಸಿಯದೆ ಹಾಕಿದರೆ ಕೆಳಗಿನ ತೂತಿನಿಂದ ಸೋರಿ ಫ್ರೀಜರ್ ಎಲ್ಲ ಮೊಸರು. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ಎಣ್ಣೆ ಬಿಡುವ ತನಕ ರುಬ್ಬಿಕೊಳ್ಳಿ. ಉಪ್ಪು, ಬೆಲ್ಲ ಏನೂ ಬೇಡ. ಅಂಗಡಿಯ ಪೀನಟ್ ಬಟರ್ ತರುವವರು ಡಬ್ಬಿಯ ಮೇಲಿನದ್ದನ್ನು ಓದಿ. ಕೆಲವದರಲ್ಲಿ ಸಕ್ಕರೆ ಬದಲು ಜೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಗೆ ವಿಷ.

ಈಗ ಆ ಕಡಲೆಕಾಯಿ ಮುದ್ದೆಯಲ್ಲಿ ಒಂದು ಗೋಲಿಯಷ್ಟು ತೆಗೆದು, ಬುಗುರಿಯ ಒಳಗಡೆಯಿಂದ ಕೆಳಗಿನ ಸಣ್ಣ ತೂತಿಗೆ ಒತ್ತಿ. ತೂತಿನಾಚೆ ಚೂರು ಇಣುಕಬೇಕು. ಇದೇ ಗುಟ್ಟು. ಆ ಸಣ್ಣ ತೂತಿನಿಂದ ವಾಸನೆ ಮೊದಲು ಮೂಗಿಗೆ ಬರುತ್ತದೆ. ಆದರೆ ಪೂರ್ತಿ ಗೋಲಿ ನಾಲಿಗೆಗೆ ಸಿಗುವುದು ಕೊನೆಯಲ್ಲಿ. ಒಳ್ಳೆಯದು ಇನ್ನೂ ಇದೆ ಅಂತ ನಾಯಿಗೆ ಗೊತ್ತಿರುತ್ತದೆ. ಹಾಗಾಗಿ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ. ರುಚಿಯಾದದ್ದನ್ನು ಮೇಲೆ ಸವರುತ್ತಾರಲ್ಲ, ಅವರ ನಾಯಿ ಮೇಲಿನದ್ದು ನೆಕ್ಕಿ ಎದ್ದು ಹೋಗುತ್ತದೆ, ನೋಡಿ ಬೇಕಾದರೆ.

ಆಮೇಲೆ ಕ್ಯಾರೆಟ್. ಕಿರುಬೆರಳಿನ ದಪ್ಪಕ್ಕೆ ಉದ್ದುದ್ದ ಸೀಳಿ, ಅರ್ಧ ಬೇಯಿಸಿ. ಹಸಿಯಾಗಿದ್ದರೆ ಲಟಕ್ ಅಂತ ಮುರಿಯುತ್ತದೆ, ಪೂರ್ತಿ ಬೆಂದರೆ ಕಿತ್ತು ಬರುತ್ತದೆ. ಒಂದು ಸೀಳನ್ನು ಬುಗುರಿಯ ನಡುವೆ ನೆಟ್ಟಗೆ ನಿಲ್ಲಿಸಿ. ದೀಪದ ಬತ್ತಿಯ ಹಾಗೆ ತುದಿ ಬಾಯಿಂದ ಒಂದಿಷ್ಟು ಹೊರಗೆ ಇರಬೇಕು. ಮೊಸರಿನಲ್ಲಿ ಕಲಸಿದ ಅನ್ನವನ್ನು ಅದರ ಸುತ್ತ ಸಣ್ಣ ಚಮಚದಲ್ಲಿ ಇಳಿಬಿಡಿ. ಚಮಚದ ಬೆನ್ನಿನಿಂದ ಒತ್ತಬೇಡಿ! ಅಂಗೈಗೆ ಮೆಲ್ಲಗೆ ಕುಟ್ಟಿದರೆ ತಾನೇ ಕೂರುತ್ತದೆ. ಒತ್ತಿ ತುಂಬಿದ್ದು ಸಿಮೆಂಟು, ಕುಟ್ಟಿ ತುಂಬಿದ್ದು ಕುಲ್ಫಿ. ಮೂರನೇ ಮಹಡಿಯ ಹುಡುಗಿ ಮಾಡಿದ್ದು ಸಿಮೆಂಟು.

ತುಂಬಿದ್ದನ್ನು ಬಾಯಿ ಮೇಲೆ ಮಾಡಿ ಒಂದು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಫ್ರೀಜರ್‌ಗೆ ಇಡಿ. ಬೆಳಿಗ್ಗೆ ತೆಗೆದು, ನೀವು ಕಾಫಿ ಕುಡಿಯುವಷ್ಟು ಹೊತ್ತು ಹೊರಗಿಟ್ಟು, ಆಮೇಲೆ ಕೊಡಿ. ನಾಯಿ ಮೊದಲು ಬತ್ತಿಯನ್ನು ಎಳೆದು ನೋಡುತ್ತದೆ, ಬರುವುದಿಲ್ಲ. ಸುತ್ತ ನೆಕ್ಕುತ್ತದೆ. ಮೆತ್ತಗಾಗುತ್ತಾ ಆಗುತ್ತಾ ಕ್ಯಾರೆಟ್ ಜಾರಿ ಬರುತ್ತದೆ. ಅದು ಬಂದ ಜಾಗದಲ್ಲಿ ಒಂದು ಕೊಳವೆಯಾಗುತ್ತದಲ್ಲ, ಅಲ್ಲಿಗೆ ನಾಲಿಗೆ ಸಲೀಸಾಗಿ ಇಳಿಯುತ್ತದೆ. ನಮ್ಮ ಗುಂಡ ಮುಂಗಾಲೆರಡರ ನಡುವೆ ಬುಗುರಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಅರ್ಧ ಗಂಟೆಗೂ ಜಾಸ್ತಿ ನೆಕ್ಕುತ್ತಾ ಕೂರುತ್ತಾನೆ. ಮುಗಿದ ಮೇಲೆ ಬಾಗಿಲ ಪಕ್ಕ ಮಲಗಿಬಿಡುತ್ತಾನೆ. ಮಗ, ಸೊಸೆ ಆಫೀಸಿಗೆ ಹೋದದ್ದೂ ಅವನಿಗೆ ಗೊತ್ತಾಗುವುದಿಲ್ಲ. ಮೊದಲು ಹೀಗಿರಲಿಲ್ಲ. ಬಾಗಿಲು ಹಾಕಿದ ಕೂಡಲೇ ಊಳಿಡುತ್ತಿದ್ದ, ಒಂದೇ ತಿಂಗಳಲ್ಲಿ ಮೂರು ಜೊತೆ ಚಪ್ಪಲಿ ಕಡಿದಿದ್ದ. ಕೆಲಸವಿಲ್ಲದೆ ಇಡೀ ದಿನ ಗೋಡೆ ನೋಡುತ್ತಾ ಕೂರು ಅಂದರೆ ನೀವು ಕೂರುತ್ತೀರಾ?

ಬೇಸಿಗೆಯಲ್ಲಿ ಅನ್ನದ ಬದಲು ನಾನು ಗಟ್ಟಿ ರಾಗಿ ಗಂಜಿ ತುಂಬುತ್ತೇನೆ. ಅದನ್ನೂ ಈಗಿನವರಿಗೆ ಹೇಳಿಕೊಡಬೇಕಾಗಿದೆ. ಕುದಿಯುವ ನೀರಿಗೆ ಹಿಟ್ಟು ಸುರಿದು, ಗಂಟು ಗಂಟಾಯಿತು ಅಂತ ಬ್ಲೆಂಡರ್ ಹಾಕುತ್ತಾರೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳಿ, ಆಮೇಲೆ ಕುದಿಯುವ ನೀರಿಗೆ ಸಣ್ಣಗೆ ಹುಯ್ಯುತ್ತಾ ಕೈ ಬಿಡದೆ ತಿರುವಿ. ಹಿಟ್ಟನ್ನು ನೇರವಾಗಿ ಎಸರಿಗೆ ಹಾಕುವುದು ಮುದ್ದೆಗೆ. ಎರಡಕ್ಕೂ ಒಂದೇ ಲೆಕ್ಕ ಅಲ್ಲ.

ಬುಗುರಿಗೆ ಹೋದದ್ದನ್ನು ಬಟ್ಟಲಿನಿಂದ ಕಳೆಯಿರಿ. ಬೆಳಗಿನ ಊಟದಿಂದಲೇ ತೆಗೆದು ತುಂಬಬೇಕು, ಮೇಲಿನದ್ದಾಗಿ ಅಲ್ಲ. ಬಿಸ್ಕತ್ತು, ಚೀಸ್, ಕಡಲೆಕಾಯಿ ಎಲ್ಲ ಸೇರಿ ದಿನದ ಆಹಾರದ ಶೇಕಡಾ 10 ದಾಟಬಾರದು ಅನ್ನುತ್ತಾರೆ ವೈದ್ಯರು. ನಮ್ಮ ಮನೆಯಲ್ಲಿ ಅಷ್ಟೂ ಹೋಗುವುದಿಲ್ಲ.

ಉಳಿದ ಪಲಾವ್, ಹುಳಿ, ಚಿತ್ರಾನ್ನ ತುಂಬಿ ಖಾಲಿ ಮಾಡುವ ಬುದ್ಧಿ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ಬೇಯಿಸಿದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಪೆಟ್ಟು. ಕೇಸರಿಬಾತ್‌ನಲ್ಲಿ ಒಣದ್ರಾಕ್ಷಿ ಇರುತ್ತದೆ ಅನ್ನುವುದು ಹಬ್ಬದ ದಿನ ಯಾರಿಗೂ ನೆನಪಾಗುವುದಿಲ್ಲ. ಚಾಕೊಲೇಟ್ ಬೇಡ ಅಂತ ಮಕ್ಕಳಿಗೂ ಹೇಳಿಡಿ.

ಆಟಿಕೆಗೆ ದುಡ್ಡು ಹಾಕಲು ಆಗದವರು ಹಳೇ ಇಡ್ಲಿ ತಟ್ಟೆ ತೆಗೆಯಿರಿ. ಅಂಚು ಚೂಪಾಗಿರಬಾರದು. ನೆನೆಸಿದ ಊಟವನ್ನು ಒಂದೊಂದು ಗುಳಿಗೂ ತೆಳ್ಳಗೆ ಸವರಿ ಕೊಡಿ. ಬಟ್ಟಲಿನಲ್ಲಿ ಅರ್ಧ ನಿಮಿಷಕ್ಕೆ ಮುಗಿಯುವುದು ಇಲ್ಲಿ ಹತ್ತು ನಿಮಿಷ ಹಿಡಿಯುತ್ತದೆ. ಹಳೇ ಟವಲಿನ ಮೇಲೆ ಕಾಳು ಹರಡಿ, ಚಾಪೆಯ ಹಾಗೆ ಸುತ್ತಿ ಕೊಟ್ಟರೆ ಮೂತಿಯಿಂದ ತಳ್ಳಿ ತಳ್ಳಿ ಬಿಚ್ಚುತ್ತದೆ. ವಯಸ್ಸಾದ, ಹಲ್ಲಿಲ್ಲದ ನಾಯಿಗೆ ಇದೇ ಒಳ್ಳೆಯದು. ಆದರೆ ಬಟ್ಟೆ ಹರಿದು ನುಂಗುವ ನಾಯಿಯಾದರೆ ಟವಲ್ ಬೇಡ.

ಹೊಸದಾಗಿ ಕೊಡುವಾಗ ಎದುರಿಗೇ ಕೂತಿರಿ. ಕಿತ್ತು ಚೂರು ಮಾಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಒಂಟಿಯಾಗಿ ಬಿಡಿ. ಎರಡು ನಾಯಿ ಇದ್ದರೆ ಎರಡು ಬುಗುರಿ, ಎರಡು ಕೋಣೆ. ಕೂಸುಗಳು ತೆವಳುವ ಜಾಗದಲ್ಲಿ ಬೇಡ. ಬಾಯಿಂದ ಕಿತ್ತುಕೊಳ್ಳಬೇಡಿ. ಒಂದು ಚೂರು ಕ್ಯಾರೆಟ್ ತೋರಿಸಿ, ಅದು ಬಿಟ್ಟು ಬಂದಾಗ ಬುಗುರಿ ಎತ್ತಿಕೊಳ್ಳಿ. ಕಿತ್ತುಕೊಂಡವರನ್ನು ನೋಡಿ ಗುರ್ ಅನ್ನಲು ಕಲಿತ ನಾಯಿಗೆ ಅದನ್ನು ಮರೆಸುವುದು ಬಹಳ ಕಷ್ಟ.

ತೊಳೆಯುವುದು ಅವತ್ತವತ್ತೇ. ಒಳಗೆ ಅಂಟಿದ ಮೊಸರನ್ನ ಒಂದು ಮಧ್ಯಾಹ್ನ ಬಿಟ್ಟರೆ ಹುಳಿ ನಾತ. ಕೆಳಗಿನ ತೂತನ್ನು ಬೆರಳಲ್ಲಿ ಮುಚ್ಚಿ, ಬಿಸಿನೀರು, ಒಂದು ಹನಿ ಸೋಪು, ಒಂದು ಹಿಡಿ ಅಕ್ಕಿ ಹಾಕಿ ಜೋರಾಗಿ ಕುಲುಕಿ. ಬಾಯಿ ಸಣ್ಣದಿರುವ ಎಣ್ಣೆ ಬಾಟಲಿಗೆ ನಮ್ಮಮ್ಮ ಮಾಡುತ್ತಿದ್ದದ್ದು ಇದನ್ನೇ. ಮೂಲೆಯಲ್ಲಿ ಅಂಟಿದ್ದನ್ನೂ ಅಕ್ಕಿ ಕೆರೆದು ತರುತ್ತದೆ. ಎರಡು ಸಲ ಬರಿ ನೀರಿನಲ್ಲಿ ಜಾಲಿಸಿ, ಅಕ್ಕಿಯ ಕಾಳು ಒಂದೂ ಉಳಿಯದ ಹಾಗೆ ಬಗ್ಗಿಸಿ, ತಂತಿಗೆ ಸಿಕ್ಕಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಬಿಟ್ಟರೆ ರಬ್ಬರ್ ಬಿರುಕು ಬಿಡುತ್ತದೆ. ಬಿರುಕು ಕಂಡದ್ದನ್ನು ಆವತ್ತೇ ಬಿಸಾಡಿ. ಎರಡು ಬುಗುರಿ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಫ್ರೀಜರ್‌ನಲ್ಲಿರುತ್ತದೆ. ಮೂರನೇ ಮಹಡಿಯ ಹುಡುಗಿಗೆ ನಮ್ಮ ಮನೆಯ ಬಸಿದ ಮೊಸರು ಒಂದು ಬಟ್ಟಲು ಕೊಟ್ಟು, ಮುಂದಿನ ವಾರದ ತನಕ ಫ್ರೀಜರ್ ಮುಟ್ಟಬೇಡ ಅಂತ ಹೇಳಿ ಕಳಿಸಿದ್ದೇನೆ.