ಪ್ರೊಟೀನ್ ಅಳೆಯುವ ಮೊದಲು ಬ್ಲ್ಯಾಂಕ್ ಸರಿ ಇಡಿ

280 ನ್ಯಾನೋಮೀಟರ್‌ನ ನೇರಳಾತೀತ ಬೆಳಕನ್ನು ಪ್ರೊಟೀನ್ ದ್ರಾವಣದ ಮೂಲಕ ಹಾಯಿಸಿದರೆ ಅದರಲ್ಲಿರುವ ಟ್ರಿಪ್ಟೋಫ್ಯಾನ್, ಟೈರೋಸಿನ್‌ಗಳು ಒಂದಿಷ್ಟು ಹೀರಿಕೊಳ್ಳುತ್ತವೆ. ಎಷ್ಟು ಹೀರಿತೋ ಅದರ ಮೇಲೆ ಪ್ರೊಟೀನ್ ಎಷ್ಟಿದೆ ಎಂಬ ಲೆಕ್ಕ. ಬಣ್ಣ ಬರಿಸುವ ರಾಸಾಯನಿಕ ಬೇಡ, ಅಳೆದ ಸ್ಯಾಂಪಲ್ಲೂ ವಾಪಸ್ ಸಿಗುತ್ತದೆ. ಸಲೀಸಾದ ಕೆಲಸ ಅಂತಲೇ ಎಲ್ಲರೂ ಎಡವುವುದು.

ಮೊದಲು ಹೀರಿಕೆ ಅಳೆಯುವ ಯಂತ್ರ (ಸ್ಪೆಕ್ಟ್ರೋಫೋಟೋಮೀಟರ್) ಆನ್ ಮಾಡಿ, ದೀಪ ಸ್ಥಿರವಾಗಲು ಅರ್ಧ ಗಂಟೆ ಬಿಡಿ.

ಎರಡನೆಯದು ಕುವೆಟ್, ಅಂದರೆ ದ್ರಾವಣ ಹಾಕಿ ಯಂತ್ರದಲ್ಲಿಡುವ ಪುಟ್ಟ ಪಾತ್ರೆ. ಕ್ವಾರ್ಟ್ಜ್‌ನದೇ ಬೇಕು. ಗಾಜು, ಸಾದಾ ಪ್ಲಾಸ್ಟಿಕ್‌ಗಳು ಈ ಬೆಳಕನ್ನು ತಾವೇ ನುಂಗುತ್ತವೆ. ‘ಯುವಿಗೂ ನಡೆಯುತ್ತದೆ’ ಎಂದು ಬರೆದ ಅಗ್ಗದ ಪ್ಲಾಸ್ಟಿಕ್ ಕುವೆಟ್ ತಂದರೆ, ಖಾಲಿ ಬಫರ್ (ಪ್ರೊಟೀನ್ ಹಾಕದ ಬರೀ ದ್ರಾವಣ) ಹಾಕಿ ಪರೀಕ್ಷಿಸದೆ ನಂಬಬೇಡಿ. ಹಿಡಿಯುವುದು ಮಸುಕು ಬದಿಯಲ್ಲಿ. ಬೆಳಕು ಹಾಯುವ ಬದಿಗೆ ಬೆರಳು ತಾಗಿದರೆ ಆ ಜಿಡ್ಡೂ ಲೆಕ್ಕಕ್ಕೆ ಸೇರುತ್ತದೆ.

ಈಗ ಬ್ಲ್ಯಾಂಕ್, ಅಂದರೆ ಯಂತ್ರವನ್ನು ಸೊನ್ನೆಗೆ ತರಲು ಇಡುವ ಪ್ರೊಟೀನ್ ಇಲ್ಲದ ದ್ರವ. ನೀರಿಟ್ಟು ಸೊನ್ನೆ ಮಾಡುವವರನ್ನು ನೋಡಿ ನೋಡಿ ಸಾಕಾಗಿದೆ. ಪ್ರೊಟೀನ್ ಯಾವ ಬಫರ್‌ನಲ್ಲಿದೆಯೋ ಅದೇ ಬಫರ್, ಅದೇ ಬಾಟಲಿಯದ್ದು ಬೇಕು. ನಮ್ಮ ಲ್ಯಾಬಿನ ಹುಡುಗನೊಬ್ಬ ನಿಕ್ಕಲ್ ಕಾಲಮ್‌ನಿಂದ ಇಳಿಸಿದ ಪ್ರೊಟೀನನ್ನು ನೀರಿನ ಬ್ಲ್ಯಾಂಕ್ ಇಟ್ಟು ಅಳೆದು, ಭರ್ಜರಿ ಅಂಕಿ ಬಂತೆಂದು ಕುಣಿದ. ಡಯಾಲಿಸಿಸ್ ಮಾಡಿ ಸಣ್ಣ ಅಣುಗಳನ್ನು ತೆಗೆದ ಮೇಲೆ ಅದರಲ್ಲಿ ಅರ್ಧವೂ ಉಳಿದಿರಲಿಲ್ಲ. ಹೆಚ್ಚಿನ ಪಾಲು, ಪ್ರೊಟೀನನ್ನು ಕಾಲಮ್‌ನಿಂದ ಬಿಡಿಸಲು ಹಾಕಿದ ಇಮಿಡಜೋಲ್‌ನದಾಗಿತ್ತು. ಪ್ರೊಟೀನ್ ಆಕ್ಸಿಡೀಕರಣಗೊಳ್ಳದಂತೆ ಬಫರ್‌ಗೆ ಹಾಕುವ ಡಿಟಿಟಿ ಹಳೆಯದಾದರೂ ಇದೇ ಕಥೆ, ಆಕ್ಸಿಡೀಕರಣಗೊಂಡಷ್ಟೂ 280ರಲ್ಲಿ ಹೆಚ್ಚು ಹೀರುತ್ತದೆ. ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಇದ್ದರೆ ಬ್ಲ್ಯಾಂಕ್ ಇಟ್ಟರೂ ನೆಚ್ಚಿಕೊಳ್ಳುವ ಹಾಗಿಲ್ಲ. ಈ ವಿಧಾನವನ್ನೇ ಬಿಡಿ.

ಸೊನ್ನೆ ಮಾಡಿದ ಮೇಲೆ ಅದೇ ಬಫರನ್ನು ಮತ್ತೊಮ್ಮೆ ಓದಿಸಿ. ಸೊನ್ನೆಯ ಆಸುಪಾಸು ನಿಲ್ಲದಿದ್ದರೆ ಕುವೆಟ್ ತೊಳೆದು ಮೊದಲಿಂದ ಶುರು ಮಾಡಿ.

ಸ್ಯಾಂಪಲ್ ಓದಿಸಿ. ಅಂಕಿ 0.1ರಿಂದ 1ರೊಳಗೆ ಬರಲಿ, ಮೀರಿದರೆ ಬಫರ್‌ನಲ್ಲೇ ತೆಳುವಾಗಿಸಿ. ಜೊತೆಗೆ 320ರಲ್ಲೂ ಓದಿ. ಅಲ್ಲಿ ಪ್ರೊಟೀನ್ ಹೀರುವುದಿಲ್ಲ, ಆದರೂ ಅಂಕಿ ಎದ್ದರೆ ದ್ರಾವಣ ಕದಡಿದೆ ಎಂದರ್ಥ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮತ್ತೆ ಅಳೆಯಿರಿ. 260ರ ಅಂಕಿಯನ್ನು 280ರದರಿಂದ ಭಾಗಿಸಿದರೆ ಶುದ್ಧ ಪ್ರೊಟೀನಿಗೆ 0.6ರ ಹತ್ತಿರ ಬರಬೇಕು. 1 ದಾಟಿತೆಂದರೆ ಡಿಎನ್‌ಎಯೋ ಆರ್‌ಎನ್‌ಎಯೋ ಸೇರಿಕೊಂಡಿದೆ.

ಲೆಕ್ಕಕ್ಕೆ ‘1 ಬಂದರೆ 1 ಮಿಲಿಗ್ರಾಂ’ ಎಂಬ ಅಡ್ಡದಾರಿ ಚಾಲ್ತಿಯಲ್ಲಿದೆ. ನನಗದು ಒಗ್ಗುವುದಿಲ್ಲ. ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೊಟೀನ್) ಇದ್ದರೆ 1 ಸೆಂಟಿಮೀಟರ್ ಕುವೆಟ್‌ನಲ್ಲಿ ಬರುವುದು ಸುಮಾರು 0.67, ಅಡ್ಡದಾರಿ ಹಿಡಿದರೆ ಮೂರನೇ ಒಂದು ಪಾಲು ಖೋತಾ. ಅಮೈನೋ ಆಮ್ಲಗಳ ಸರಣಿ ಗೊತ್ತಿದ್ದರೆ ಪ್ರತಿ ಟ್ರಿಪ್ಟೋಫ್ಯಾನಿಗೆ 5500, ಟೈರೋಸಿನ್‌ಗೆ 1490, ಡೈಸಲ್ಫೈಡ್ ಬಂಧಕ್ಕೆ 125 ಎಂದು ಹೀರಿಕೆಯ ಗುಣಾಂಕಗಳನ್ನು ಕೂಡಿಸಿ. ಆ ಮೊತ್ತದಿಂದ ಅಂಕಿಯನ್ನು ಭಾಗಿಸಿದರೆ ಮೋಲಾರ್ ಸಾಂದ್ರತೆ ಸಿಗುತ್ತದೆ. ತೆಳುವಾಗಿಸಿದ್ದರೆ ಅಷ್ಟು ಪಟ್ಟು ಗುಣಿಸಲು ಮರೆಯಬೇಡಿ.

ಜೆಲಾಟಿನ್‌ನಂಥದ್ದನ್ನು ಹೀಗೆ ಅಳೆಯಲು ಹೋಗಬೇಡಿ. ಅದರಲ್ಲಿ ಟ್ರಿಪ್ಟೋಫ್ಯಾನ್ ಇಲ್ಲವೇ ಇಲ್ಲ, ಟೈರೋಸಿನ್ನೂ ಅಷ್ಟಕ್ಕಷ್ಟೇ. ಅದಕ್ಕೆ ಬಣ್ಣ ಬರಿಸಿ ಅಳೆಯುವ ಬಿಸಿಎ ವಿಧಾನವೇ ವಾಸಿ.