ಡಬ್ಬಿಯ ಗಲಗಲ

ಎಚ್‌ಐವಿ ಇರುವವರು ದಿನಾ ನುಂಗುವ ಏಆರ್‌ಟಿ ಮಾತ್ರೆಯ ಡಬ್ಬಿ ಕೈಗೆತ್ತಿಕೊಂಡರೆ ಗಲಗಲ ಅನ್ನುತ್ತದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಒಳಗೆ 30 ಮಾತ್ರೆ. ಕೊಡಗಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದಾಗ ತರಬೇತಿಯಲ್ಲಿ ಏನೇನೋ ಹೇಳಿಕೊಟ್ಟರು. ಈ ಸದ್ದಿನ ವಿಷಯ ಯಾರೂ ಹೇಳಲಿಲ್ಲ. ಹೇಳಿದ್ದು ಕಾಫಿ ತೋಟದ ಒಬ್ಬ ಹೆಂಗಸು.

"ಅಕ್ಕಾ, ರಾತ್ರಿ ಡಬ್ಬಿ ಮುಟ್ಟಿದ್ರೆ ಪಕ್ಕದ ಮನೆಯವ್ರು ಕೇಳ್ತಾರೆ, ಅದೇನು ದಿನಾ ಗಲಗಲ ಅಂತ?"

ತೋಟದ ಕೂಲಿಯವರ ಲೈನ್ ಮನೆ ನೋಡಿದವರಿಗೆ ಇದು ಗೊತ್ತಾಗುತ್ತದೆ. ಒಂದೇ ಮಾಡಿನ ಕೆಳಗೆ ಏಳೆಂಟು ಸಂಸಾರ. ನಡುವಿನ ಗೋಡೆ ಹಂಚಿನ ತನಕ ಹೋಗಿರುವುದಿಲ್ಲ. ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಕೇಳುತ್ತದೆ. ಅದಕ್ಕೇ ಅವರು ಮಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು. ತಿಂಗಳು ಜುಲೈ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಮಾತ್ರೆ ಉಳಿಯುತ್ತದಾ? ಗಂಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಅಂಚು ಉದುರಿ, ಒಂದಕ್ಕೊಂದು ಅಂಟಿಕೊಂಡಿದ್ದವು.

ಡ್ರೆಸ್ಸಿಂಗ್ ರೂಮಿಗೆ ಹೋಗಿ ಒಂದು ಹಿಡಿ ಹತ್ತಿ ತಂದೆ. ಹೊಸ ಡಬ್ಬಿಗೆ ತುರುಕಿ, ಮುಚ್ಚಳ ಹಾಕಿ ಅಲ್ಲಾಡಿಸಿದೆ. ಸದ್ದಿಲ್ಲ. ಅವರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ನಕ್ಕರು. ಅವತ್ತಿನಿಂದ ನನ್ನ ಡ್ರಾಯರಿನಲ್ಲಿ ಹತ್ತಿಯ ಸುರುಳಿ ಇಲ್ಲದ ದಿನವಿಲ್ಲ.

ಈ ಡಬ್ಬಿ ತೋಟದ ತನಕ ಬರಲು ಎಷ್ಟು ವರ್ಷ ಹಿಡಿಯಿತು ಅಂತ ಕೆಲವೊಮ್ಮೆ ಯೋಚಿಸುತ್ತೇನೆ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಮುಂದಿನ ಹತ್ತು ವರ್ಷದಲ್ಲಿ ಒಳ್ಳೆಯ ಔಷಧಿ ಬಂತು, ಆದರೆ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಮೇಲೆ. ಆಫ್ರಿಕಾದವರಿಗೂ ನಮಗೂ ಅದು ಇದ್ದೂ ಇಲ್ಲದ ಔಷಧಿ. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂದಿತು. ದರ ಬಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿತು. ಅಲ್ಲಿಗೆ ಔಷಧಿಯ ಖರ್ಚು ತಪ್ಪಿತು. ಬಸ್ ಚಾರ್ಜು, ಒಂದು ದಿನದ ಕೂಲಿ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹೇಳಬೇಕಾದ ಸುಳ್ಳು, ಇವುಗಳ ದರ ಮಾತ್ರ ಯಾರೂ ಇಳಿಸಲಿಲ್ಲ.

ನಾನು ಮಾಡಿದ ತಪ್ಪೂ ಹೇಳಬೇಕು. ಶುರುವಿನಲ್ಲಿ ಹುರುಪು ಜಾಸ್ತಿ. ಎರಡು ತಿಂಗಳಿಂದ ಮಾತ್ರೆಗೆ ಬಾರದ ಒಬ್ಬರನ್ನು ಹುಡುಕಿಕೊಂಡು ಜೀಪಿನಲ್ಲಿ ಸೀದಾ ಲೈನಿಗೆ ಹೋದೆ. ಜೀಪಿನ ಬಾಗಿಲ ಮೇಲೆ ಏಡ್ಸ್‌ನ ಗುರುತಾದ ಕೆಂಪು ರಿಬ್ಬನ್ ಚಿತ್ರ. ಬೇರೆ ಏನೂ ಹೇಳಬೇಕಾಗಿರಲಿಲ್ಲ. ಮಕ್ಕಳು ಜೀಪಿನ ಸುತ್ತ ನೆರೆದರು, ನಾನು ಹುಡುಕಿ ಹೋದವರು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಮುಂದಿನ ವಾರ ಆ ಸಂಸಾರ ಗಂಟುಮೂಟೆ ಕಟ್ಟಿ ತೋಟ ಬಿಟ್ಟಿತ್ತು. ಎಲ್ಲಿಗೆ ಹೋದರೋ ತಿಳಿಯಲಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ವಿಷಯ ಹೊರಗೆ ಹಾಕಬಾರದು ಅಂತ 2017ರಲ್ಲಿ ಕಾನೂನೇ ಬಂತು. ನನಗೆ ಆ ಪಾಠ ಅದಕ್ಕೂ ಮೊದಲೇ ಆಗಿತ್ತು.

ಆಮೇಲೆ ಯಾರ ಲೈನಿಗೂ ಹೋಗಲಿಲ್ಲ. ಸಂತೆಯ ದಿನ ಹಿಡಿದೆ. ಗೋಣಿಕೊಪ್ಪದ ಭಾನುವಾರದ ಸಂತೆಗೆ ಸುತ್ತಿನ ತೋಟದವರೆಲ್ಲ ಬರುತ್ತಾರೆ, ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಒಣಮೀನು, ತರಕಾರಿ ಚೀಲ ಹಿಡಿದವರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡುತ್ತಿದ್ದೆ. ಊಟ ಮಾಡ್ತಿದ್ದೀರಾ, ನಿದ್ದೆ ಬರುತ್ತಾ, ಎಷ್ಟು ಮಾತ್ರೆ ಉಳಿದಿದೆ. ಉಳಿದದ್ದು ಕೇಳಿದರೆ ತಪ್ಪಿದ್ದು ತಿಳಿಯುತ್ತದೆ. ಪದೇ ಪದೇ ತಪ್ಪಿದರೆ ವೈರಸ್ಸು ಔಷಧಿಗೆ ಜಗ್ಗದ ಹಾಗೆ ಆಗುತ್ತದೆ.

ತಪ್ಪಿಸುವವರು ಎಲ್ಲರೂ ಸೋಮಾರಿಗಳಲ್ಲ. ಒಬ್ಬ ಹುಡುಗ ಜನವರಿ, ಫೆಬ್ರವರಿಯಲ್ಲಿ ಮಾತ್ರ ಮಾತ್ರೆ ಬಿಡುತ್ತಿದ್ದ. ಬೈದೆ ಕೂಡ. ಕೊನೆಗೆ ಬಾಯಿಬಿಟ್ಟ. ಅವನದು ಕರಿಮೆಣಸು ಕುಯ್ಯುವ ಕೆಲಸ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಬಿದಿರಿನ ಏಣಿ ಆನಿಸಿ ಮೇಲೆ ಹತ್ತಬೇಕು. ಆಗ ಕೊಡುತ್ತಿದ್ದ ಮಾತ್ರೆಯಲ್ಲಿ ಎಫವಿರೆಂಜ್ ಅನ್ನುವ ಔಷಧಿ ಇತ್ತು, ಕೆಲವರಿಗೆ ಬೆಳಗ್ಗೆಯೂ ತಲೆ ತಿರುಗುತ್ತಿತ್ತು. "ಕಾಯಿಲೆ ನಿಧಾನಕ್ಕೆ ಸಾಯಿಸುತ್ತೆ ಅಕ್ಕಾ, ಏಣಿ ಅವತ್ತೇ ಸಾಯಿಸುತ್ತೆ" ಅಂದ. ಏನು ಹೇಳುವುದು? ವೈದ್ಯರ ಹತ್ತಿರ ಕರೆದುಕೊಂಡು ಹೋದೆ, ಔಷಧಿ ಬದಲಾಯಿತು. ಈಗ ಡೊಲುಟೆಗ್ರಾವಿರ್ ಇರುವ ಮಾತ್ರೆ ಬಂದ ಮೇಲೆ ಈ ಗೋಳು ಎಷ್ಟೋ ಕಡಿಮೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಕಾಣದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಗಂಡನಿಗೋ ಹೆಂಡತಿಗೋ ಹರಡುವುದಿಲ್ಲ. ಇದನ್ನು ಹೇಳುವಾಗ ಎದುರಿನವರ ಮುಖ ನೋಡಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಜೋಡುಪಾಲದ ಹತ್ತಿರ ಹೆದ್ದಾರಿಯೇ ಕಡಿದುಹೋಯಿತು, ಮಕ್ಕಂದೂರು ಕಡೆಯ ದಾರಿಯೂ ಇಲ್ಲ. ನಮ್ಮವರಲ್ಲಿ ಯಾರು ಎಲ್ಲಿದ್ದಾರೆ, ಯಾರ ಹತ್ತಿರ ಎಷ್ಟು ಮಾತ್ರೆ ಉಳಿದಿದೆ, ಒಂದೂ ಗೊತ್ತಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಚೀಲದಲ್ಲಿ ಡಬ್ಬಿ ತುಂಬಿಕೊಂಡು, ಮೇಲೆ ಜ್ವರದ ಮಾತ್ರೆ, ಓಆರ್‌ಎಸ್ ಪ್ಯಾಕೆಟ್ ಹಾಕಿಕೊಂಡು ಗಂಜಿ ಕೇಂದ್ರಗಳಿಗೆ ಹೋದೆ. ಶಾಲೆಯ ಹಾಲ್, ಚಾಪೆಗೆ ಚಾಪೆ ತಾಗಿಸಿ ಮಲಗಿದ ಜನ. ಅಲ್ಲಿ ಹೆಸರು ಕೂಗುವ ಹಾಗಿಲ್ಲ. ಸುಮ್ನೆ ಜ್ವರ ಕೇಳುತ್ತಾ ಸಾಲಿನಲ್ಲಿ ನಡೆದೆ.

ಮೂಲೆಯಿಂದ ಒಬ್ಬರು ಎದ್ದು ಬಂದರು. ಮೈಮೇಲೆ ಯಾರೋ ಕೊಟ್ಟ ಅಂಗಿ. ಮನೆ ಬಿಟ್ಟು ಓಡುವಾಗ ಡಬ್ಬಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರಂತೆ, ಇದು ಆಮೇಲೆ ಗೊತ್ತಾಯಿತು. ಆಗ ಕೇಳಿದ್ದು ಇಷ್ಟೇ: "ಅಕ್ಕಾ, ಸ್ವಲ್ಪ ಹತ್ತಿ ಇದ್ಯಾ?"

"ಯಾಕೆ, ಗಾಯ ಆಗಿದ್ಯಾ?" ಅಂತ ಪಕ್ಕದ ಚಾಪೆಯ ಅಜ್ಜಿ ಕೇಳಿದರು.

"ಇಲ್ಲ ಅಜ್ಜಿ, ಕಿವಿಗೆ. ಚಳಿ ಗಾಳಿ ಜಾಸ್ತಿ."